ದೇಹೂ ಗ್ರಾಮದ ಸಂತ ತುಕಾರಾಮರು

ಸತ್ಪುರುಷರ ಚರಿತ್ರೆಯನ್ನು ಬರೆಯಹೊರಟವನಿಗೆ ಎರಡು ಬಗೆಯ ತೊಡಕುಗಳು ಎದುರಾಗುತ್ತವೆ. ಭಕ್ತರು ತಮ್ಮ ಪ್ರೀತಿಯ ಭರದಲ್ಲಿ ಆ ಪುರುಷನ ಸುತ್ತ ಪವಾಡಗಳ ಹಂದರವನ್ನು ಹಾಕಿಬಿಟ್ಟಿರುತ್ತಾರೆ. ಹಂದರದ ನೆರಳಿನಲ್ಲಿ ಮನುಷ್ಯನ ಮುಖವು ಕಾಣದಂತಾಗುತ್ತದೆ. ಇದು ಒಂದು ತೊಡಕು. ಆ ಹಂದರವನ್ನು ಕಿತ್ತೊಗೆಯುವ ಉತ್ಸಾಹದಲ್ಲಿ ವಿಮರ್ಶಕರು ಒಮ್ಮೊಮ್ಮೆ ಒಳಗಿದ್ದ ಮೂರ್ತಿಯನ್ನೇ ಭಿನ್ನಗೊಳಿಸುತ್ತಾರೆ. ಇದು ಇನ್ನೊಂದು. ಮಹಾರಾಷ್ಟ್ರದ ಸಂತಶ್ರೇಷ್ಠರಾದ ತುಕಾರಾಮರ ವಿಷಯದಲ್ಲಿ ಈ ಎರಡೂ ನಡೆದಿವೆ. ಆದರೆ ನಮ್ಮ ಸುದೈವದಿಂದ ಅವರ ಬಾಳಿನ ಮುಖ್ಯ ಸಂಗತಿಗಳಿಗೆ ಅವರ ಅಭಂಗಗಳೇ ಸಾಕ್ಷಿಗಳಾಗಿ ಉಳಿದುಕೊಂಡಿವೆ. ಆ ಸಾಕ್ಷ್ಯವನ್ನು ಮುಂದಿಟ್ಟುಕೊಂಡು, ಐತಿಹ್ಯವನ್ನು ಐತಿಹ್ಯವೆಂದೇ ಹೇಳುತ್ತ, ಆ ಮಹಾನುಭಾವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಪುಣೆಯ ವಾಯವ್ಯಕ್ಕೆ ಇಂದ್ರಾಯಣಿ ನದಿಯ ದಡದಲ್ಲಿ ದೇಹೂ ಎಂಬ ಸಣ್ಣ ಗ್ರಾಮವಿದೆ. ಇದೇ ನದಿಯ ಕೆಳಪಾತ್ರದಲ್ಲಿ, ಜ್ಞಾನೇಶ್ವರರು ೧೨೯೬ರಲ್ಲಿ ಸಮಾಧಿಸ್ಥರಾದ ಆಳಂದಿಯಿದೆ. ದೇಹುವಿನ ಮೋರೆ ಮನೆತನದಲ್ಲಿ ಬೊಲ್ಹೋಬಾ ಮತ್ತು ಕನಕಾಯಿ ದಂಪತಿಗಳ ಮಗನಾಗಿ ತುಕಾರಾಮರು ಜನಿಸಿದರು. ಜನ್ಮವರ್ಷದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ೧೫೯೮ ಎಂದು ಕೆಲವರೂ ೧೬೦೮ ಎಂದು ಬಹುಮಂದಿಯೂ ಹೇಳುತ್ತಾರೆ. ಜಾತಿಯಿಂದ ಕುಣಬಿಗಳು, ವೃತ್ತಿಯಿಂದ ವ್ಯಾಪಾರಿಗಳು. ಮನೆತನಕ್ಕೆ ಹೊಲವಿತ್ತು, ಅಂಗಡಿಯಿತ್ತು, ಸಾಲ ಕೊಡುವ ವ್ಯವಹಾರವಿತ್ತು, ಊರಿನಲ್ಲಿ ಮಹಾಜನಕಿಯ ಗೌರವವಿತ್ತು. ಹಲವು ತಲೆಗಳ ಹಿಂದಿನ ವಿಶ್ವಂಭರನೆಂಬ ಪೂರ್ವಜನ ಕಾಲದಿಂದ ಮನೆಯವರೆಲ್ಲ ಪಂಢರಪುರದ ವಾರಕರಿಗಳು. ಊರಿನ ವಿಠ್ಠಲ ಮಂದಿರವು ಅವರ ಮನೆತನಕ್ಕೆ ಸೇರಿದ್ದು. ಆದ್ದರಿಂದ ತುಕಾರಾಮರು ಹುಟ್ಟಿನಿಂದ ದರಿದ್ರರಾಗಿದ್ದರೆಂಬ ಕಲ್ಪನೆ ಸರಿಯಲ್ಲ. ಅವರ ಬಡತನವು ಮೊದಲು ಕಾಲವಶದಿಂದ ಬಂದದ್ದು. ಅನಂತರ ಅವರಾಗಿಯೇ ಆರಿಸಿಕೊಂಡದ್ದು. ಈ ಭೇದವನ್ನು ಅರಿಯದೆ ಅವರ ವಿನಯದ ಸ್ವರೂಪವು ಅರ್ಥವಾಗಲಾರದು.

ಹಿರಿಯಣ್ಣ ಸಾವಜಿಯು ಸಂಸಾರದಲ್ಲಿ ವಿರಕ್ತನಾದುದರಿಂದ ಮನೆಯ ಹೊಣೆಯು ಹದಿಮೂರರ ಸುಮಾರಿಗೇ ತುಕಾರಾಮರ ಹೆಗಲಿಗೆ ಬಂದಿತು. ಮೊದಲ ಪತ್ನಿ ರುಕ್ಮಾಬಾಯಿ ಉಬ್ಬಸದಿಂದ ನರಳುತ್ತಿದ್ದುದರಿಂದ ಪುಣೆಯ ಗುಳವೆ ಮನೆತನದ ಜಿಜಾಬಾಯಿಯನ್ನು ಎರಡನೆಯ ಪತ್ನಿಯಾಗಿ ತಂದರು. ಆಕೆಯನ್ನೇ ಜನರು ಆವಲಿ ಎಂದು ಕರೆಯುತ್ತಾರೆ. ಕೆಲವು ವರ್ಷಗಳಲ್ಲಿ ತಂದೆತಾಯಿಗಳು ತೀರಿಕೊಂಡರು, ಅತ್ತಿಗೆಯೂ ತೀರಿಕೊಂಡಳು, ಅಣ್ಣನು ತೀರ್ಥಾಟನೆಗೆಂದು ಮನೆಬಿಟ್ಟನು. ಇಷ್ಟೆಲ್ಲ ಆಘಾತಗಳ ಮೇಲೆ ದೇಶಕ್ಕೆ ದೇಶವೇ ತತ್ತರಿಸುವಂತಹ ಕ್ಷಾಮವು ಬಂದೆರಗಿತು.

೧೬೩೦ರಿಂದ ೧೬೩೨ರವರೆಗೆ ಗುಜರಾತ ಮತ್ತು ದಖ್ಖನ ಪ್ರಾಂತಗಳನ್ನು ಹಾಳುಗೆಡವಿದ ಆ ಬರಗಾಲವು ಭಾರತದ ಇತಿಹಾಸದ ಅತ್ಯಂತ ಭೀಕರ ಕ್ಷಾಮಗಳಲ್ಲಿ ಒಂದು. ಶಹಾಜಹಾನನ ಆಸ್ಥಾನ ಚರಿತ್ರಕಾರನಾದ ಅಬ್ದುಲ್ ಹಮೀದ್ ಲಾಹೋರಿಯು ಅದನ್ನು ವರ್ಣಿಸಿದ್ದಾನೆ. ಅದೇ ಸಮಯದಲ್ಲಿ ಸೂರತ್ತಿನಿಂದ ಆಗ್ರಾಕ್ಕೆ ಪ್ರಯಾಣ ಮಾಡಿದ ಆಂಗ್ಲ ವ್ಯಾಪಾರಿ ಪೀಟರ್ ಮಂಡಿಯು ದಾರಿಯುದ್ದಕ್ಕೂ ಕಂಡ ಹೆಣಗಳನ್ನು ಕುರಿತು ಬರೆದಿದ್ದಾನೆ. ಮಳೆಯ ಅಭಾವವು ಇದಕ್ಕೆ ಮೂಲಕಾರಣವಾದರೂ, ಯುದ್ಧವು ಅದನ್ನು ನೂರ್ಮಡಿಗೊಳಿಸಿತು. ಮೊಗಲರ ಸೈನ್ಯವು ದಖ್ಖನಿನಲ್ಲಿ ಬೀಡುಬಿಟ್ಟಿತ್ತು. ಅಹಮದನಗರದ ನಿಜಾಮಶಾಹಿಯು ಕೊನೆಯುಸಿರೆಳೆಯುತ್ತಿತ್ತು. ಬಿಜಾಪುರದ ಆದಿಲಶಾಹಿಯ ಸರದಾರ ಮುರಾರ ಜಗದೇವನು ಸುಮಾರು ೧೬೩೦ರಲ್ಲಿ ಪುಣೆಯನ್ನು ನೆಲಸಮಗೊಳಿಸಿದ್ದನು. ದೇಹೂ ಗ್ರಾಮವು ಪುಣೆಯಿಂದ ಒಂದು ದಿನದ ಕಾಲ್ನಡಿಗೆಯ ದೂರದಲ್ಲಿದೆ. ದಂಡು ಹಾಯ್ದುಹೋದ ದಾರಿಯಲ್ಲಿ ಮಳೆಯೂ ಬಾರದೆಹೋದರೆ ಬೇಸಾಯಗಾರನಿಗೂ ಕಿರುವ್ಯಾಪಾರಿಗೂ ಉಳಿಯುವುದೇನು?

ತುಕಾರಾಮರು ತಮ್ಮ ಕಥೆಯನ್ನು ತಾವೇ ಹೇಳಿಕೊಂಡಿರುವ ಒಂದು ಪ್ರಸಿದ್ಧ ಅಭಂಗವಿದೆ. ಸಂತರು ಕೇಳಿದರೆಂಬ ಕಾರಣಕ್ಕೆ, ಬಹು ಸಂಕೋಚದಿಂದ, ಅಲಂಕಾರವೇನೂ ಇಲ್ಲದೆ ಅದನ್ನು ಹಾಡಿದ್ದಾರೆ. ತಾವು ಶೂದ್ರವಂಶದವರೆಂದೂ ವ್ಯಾಪಾರ ಮಾಡಿದವರೆಂದೂ ಅದರಲ್ಲಿ ತಿಳಿಸುತ್ತಾರೆ. ಬರಗಾಲದಲ್ಲಿ ಹಣವೂ ಮಾನವೂ ಹೋದುದನ್ನು, ಹೆಂಡತಿಯು ಅನ್ನಕ್ಕಾಗಿ ಮೊರೆಯಿಡುತ್ತ ಸತ್ತುದನ್ನು, ವ್ಯಾಪಾರವು ಮುರಿದುಬಿದ್ದು ನಾಚಿಕೆಯಿಂದ ಕುಗ್ಗಿಹೋದುದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸಂತಾಜಿ ಎಂಬ ಮಗುವೂ ಆ ಬರದಲ್ಲಿಯೇ ತೀರಿಕೊಂಡಿತೆಂದು ಐತಿಹ್ಯವಿದೆ. ತನ್ನ ದಿವಾಳಿಯನ್ನು ಹೀಗೆ ಲೋಕದ ಮುಂದೆ ಒಪ್ಪಿಸಿದ ಸಂತಕವಿಗಳು ನಮ್ಮ ದೇಶದ ಸಾಹಿತ್ಯದಲ್ಲಿ ವಿರಳ. ಸಾಮಾನ್ಯವಾಗಿ ಚರಿತ್ರೆಕಾರರು ಸಂತನ ವೈರಾಗ್ಯಕ್ಕೆ ಪೂರ್ವಜನ್ಮದ ಸುಕೃತವನ್ನೋ ಬಾಲ್ಯದ ಒಂದು ಪವಾಡವನ್ನೋ ಕಾರಣವಾಗಿ ಕೊಡುವುದುಂಟು. ತುಕಾರಾಮರಾದರೋ ತಮ್ಮ ವೈರಾಗ್ಯಕ್ಕೆ ಬರಗಾಲವನ್ನೂ ಸಾವನ್ನೂ ಅವಮಾನವನ್ನೂ ಕಾರಣವಾಗಿ ಕೊಟ್ಟರು.

ಅದೇ ಅಭಂಗದಲ್ಲಿ ಅವರ ಸಾಧನೆಯ ಕ್ರಮವೂ ದೊರೆಯುತ್ತದೆ. ಶಿಥಿಲವಾಗಿದ್ದ ವಿಠ್ಠಲ ಮಂದಿರವನ್ನು ಸರಿಪಡಿಸಬೇಕೆಂಬ ಬಯಕೆ ಮೊದಲು ಅವರ ಮನಸ್ಸಿಗೆ ಬಂದಿತು. ಏಕಾದಶಿಯ ದಿನ ಕೀರ್ತನೆ ಮಾಡತೊಡಗಿದರು. ಮೊದಮೊದಲು ಅದರಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲವೆಂದು ತಾವೇ ಹೇಳಿಕೊಂಡಿದ್ದಾರೆ. ಹಿಂದಿನ ಸಂತರ ಮಾತುಗಳನ್ನು ಬಾಯಿಪಾಠ ಮಾಡಿದರು. ಮುಂದೆ ನಿಂತು ಹಾಡುವವರ ಹಿಂದೆ ನಿಂತು ಪಲ್ಲವಿಯನ್ನು ಹಿಡಿದರು. ಮೈಮುರಿದು ಪರರಿಗೆ ಉಪಕಾರ ಮಾಡಿದರು. ಸತ್ಯಾಸತ್ಯಗಳ ವಿಷಯದಲ್ಲಿ ಬಹುಜನರ ಅಭಿಪ್ರಾಯವನ್ನು ನೆಚ್ಚದೆ ತಮ್ಮ ಮನಸ್ಸನ್ನೇ ಸಾಕ್ಷಿಯಾಗಿ ಇರಿಸಿಕೊಂಡರು. ಅನಂತರ ಕನಸಿನಲ್ಲಿ ಗುರೂಪದೇಶವಾಯಿತು. ಉಪದೇಶ ನೀಡಿದ ಗುರುವಿನ ಹೆಸರು ಬಾಬಾಜಿ ಎಂದೂ, ಅವರ ಗುರುಪರಂಪರೆಯಲ್ಲಿ ರಾಘವಚೈತನ್ಯ, ಕೇಶವಚೈತನ್ಯರಿದ್ದರೆಂದೂ, ಅದು ಮಾಘ ಶುದ್ಧ ದಶಮಿ ಗುರುವಾರವೆಂದೂ ಬೇರೊಂದು ಅಭಂಗದಲ್ಲಿ ತಿಳಿಸಿದ್ದಾರೆ. ನಾಮದೇವರು ಪಾಂಡುರಂಗನೊಡನೆ ಕನಸಿನಲ್ಲಿ ಬಂದು, ಕವಿತೆ ಕಟ್ಟುವಂತೆ ಆಜ್ಞಾಪಿಸಿದರೆಂದು ಮತ್ತೊಂದರಲ್ಲಿದೆ. ಈ ಕ್ರಮವನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಕವಿತ್ವವು ಇಲ್ಲಿ ಕೊನೆಗೆ ಬಂದುದು. ಅದಕ್ಕೂ ಮುಂಚೆ ಅಭ್ಯಾಸವಿತ್ತು, ಸೇವೆಯಿತ್ತು, ಇನ್ನೊಬ್ಬರ ಹಿಂದೆ ನಿಂತು ಹಾಡುವ ಸಹನೆಯಿತ್ತು.

ಈ ಕಾಲದಲ್ಲಿಯೇ ನಡೆದುದೆಂದು ಹೇಳುವ ಒಂದು ಘಟನೆಯನ್ನು ಮಹಿಪತಿಯು ಕೊಟ್ಟಿದ್ದಾನೆ. ತಾಹರಾಬಾದಿನ ಮಹಿಪತಿಯು (೧೭೧೫–೧೭೯೦) ತನ್ನ ‘ಭಕ್ತವಿಜಯ’ (೧೭೬೨) ಮತ್ತು ‘ಭಕ್ತಲೀಲಾಮೃತ’ (೧೭೭೪) ಗ್ರಂಥಗಳಲ್ಲಿ ಸಂತರ ಕಥೆಗಳನ್ನು ಸಂಗ್ರಹಿಸಿದವನು. ತುಕಾರಾಮರು ನಿರ್ಯಾಣ ಹೊಂದಿ ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಬರೆದವನು. ಅವನು ಹೇಳುವಂತೆ, ತುಕಾರಾಮರು ಮನೆತನದ ಸಾಲಪತ್ರಗಳನ್ನೆಲ್ಲ ತೆಗೆದು, ತಮ್ಮ ಕಾನ್ಹೋಬಾನ ಪಾಲಿನ ಅರ್ಧವನ್ನು ಅವನಿಗೆ ಕೊಟ್ಟು, ತಮ್ಮ ಪಾಲಿನ ಪತ್ರಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರು. ತಮ್ಮನ ಪಾಲನ್ನು ಮುಟ್ಟಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಪರರ ಹಕ್ಕಿನ ಮೇಲೆ ತ್ಯಾಗ ಮಾಡುವುದು ಸುಲಭ. ತಮ್ಮ ಹಕ್ಕನ್ನಷ್ಟೇ ಅಳೆದು ಬಿಟ್ಟುಕೊಡುವುದು ಕಠಿಣ. ಬರಗಾಲದ ತರುವಾಯ ಸಾಲಗಾರನ ಮನೆಯಲ್ಲಿ ಏನಿರುತ್ತದೆಂಬುದನ್ನು ತಾವೇ ಉಂಡು ಅರಿತಿದ್ದ ಸಾಹುಕಾರರು ಅವರು.

ಇಲ್ಲಿ ಆವಲಿಯ ವಿಷಯವಾಗಿ ಒಂದು ಮಾತು ಹೇಳಬೇಕು. ಕೀರ್ತನಕಾರರೂ ನಾಟಕಕಾರರೂ ಆಕೆಯನ್ನು ಬಾಯಿಬಡಕಿಯನ್ನಾಗಿ ಚಿತ್ರಿಸಿ ಸಭೆಯನ್ನು ನಗಿಸುತ್ತ ಬಂದಿದ್ದಾರೆ. ಕಬ್ಬಿನ ಜಲ್ಲೆಯಿಂದ ಗಂಡನನ್ನು ಹೊಡೆದಳೆಂಬ ಕಥೆಯನ್ನು ಕೇಳದವರಿಲ್ಲ. ಆದರೆ ಗಂಡನು ಧ್ಯಾನಕ್ಕೆಂದು ಭಂಡಾರಾ ಗುಡ್ಡಕ್ಕೂ ಭಾಮಚಂದ್ರ ಗುಡ್ಡಕ್ಕೂ ಹೋಗುತ್ತಿದ್ದಾಗ, ಮಧ್ಯಾಹ್ನದ ಬಿಸಿಲಿನಲ್ಲಿ ರೊಟ್ಟಿಯ ಗಂಟನ್ನು ಹೊತ್ತು ಗುಡ್ಡವನ್ನೇರಿ ಅವರಿಗೆ ಉಣಬಡಿಸುತ್ತಿದ್ದವಳೂ ಆಕೆಯೇ ಎಂದು ಅದೇ ಐತಿಹ್ಯವು ಹೇಳುತ್ತದೆ. ಅಂಗಡಿ ಮುಚ್ಚಿದ ಮನೆಯಲ್ಲಿ, ಕ್ಷಾಮದ ಬೆನ್ನಿಗೆ, ಮಕ್ಕಳ ಹೊಟ್ಟೆಗೆ ಕೂಳು ಹೊಂದಿಸಬೇಕಾದ ತಾಯಿಯ ಬಾಯಲ್ಲಿ ಕಟುನುಡಿ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನು? ಸಂತನ ವೈರಾಗ್ಯದ ಬೆಲೆಯನ್ನು ಬಹುಪಾಲು ತೆತ್ತವಳು ಆಕೆ. ಚರಿತ್ರೆಯು ಆಕೆಗೆ ಇನ್ನೂ ನ್ಯಾಯ ಸಲ್ಲಿಸಿಲ್ಲ.

ತುಕಾರಾಮರ ಕೀರ್ತನೆಗೆ ಜನ ಸೇರತೊಡಗಿದಂತೆ ವಿರೋಧವೂ ಬೆಳೆಯಿತು. ಅದರ ಮೂಲಕಾರಣವನ್ನು ಸ್ಪಷ್ಟವಾಗಿ ತಿಳಿಯಬೇಕು. ಶೂದ್ರನೊಬ್ಬನು ದೇವರ ನಾಮವನ್ನು ಹಾಡಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ವೇದಾಂತದ ಅರ್ಥವನ್ನು ಜನಭಾಷೆಯಲ್ಲಿ ಹೇಳುವುದು, ಅದನ್ನು ಬರೆದಿಡುವುದು, ಬ್ರಾಹ್ಮಣರೂ ಬಂದು ಆತನ ಪಾದಕ್ಕೆರಗುವುದು, ಇವು ಸಹನೆಯನ್ನು ಮೀರಿದ ವಿಷಯಗಳಾದವು. ವಾಘೋಲಿಯ ರಾಮೇಶ್ವರ ಭಟ್ಟರೆಂಬ ವಿದ್ವಾಂಸರು ಈ ಅಧಿಕಾರವನ್ನು ಪ್ರಶ್ನಿಸಿ, ಅಭಂಗಗಳ ವಹಿಗಳನ್ನು ನದಿಗೆ ಹಾಕಬೇಕೆಂದು ಆಜ್ಞಾಪಿಸಿದರೆಂದು ಐತಿಹ್ಯವಿದೆ. ನಿಷೇಧದ ಪೆಟ್ಟು ಬಿದ್ದುದನ್ನೂ, ವಹಿಗಳನ್ನು ನೀರಿಗೆ ಹಾಕಿ ದೇವರ ಬಾಗಿಲಲ್ಲಿ ಧರಣಿ ಕುಳಿತುದನ್ನೂ, ನಾರಾಯಣನು ಸಮಾಧಾನಗೊಳಿಸಿದುದನ್ನೂ ತುಕಾರಾಮರು ಮೇಲೆ ಹೇಳಿದ ಆತ್ಮಕಥನದ ಅಭಂಗದಲ್ಲಿಯೇ ಉಲ್ಲೇಖಿಸಿದ್ದಾರೆ. ಆದ್ದರಿಂದ ಘಟನೆಯು ನಡೆದುದರಲ್ಲಿ ಸಂಶಯವಿಲ್ಲ. ಹದಿಮೂರು ದಿನಗಳ ಉಪವಾಸದ ನಂತರ ವಹಿಗಳು ಒದ್ದೆಯಾಗದೆ ಮೇಲೆ ತೇಲಿಬಂದವೆಂದು ಭಕ್ತರು ನಂಬುತ್ತಾರೆ.

ಈ ಪವಾಡವನ್ನು ಕುರಿತು ಚರ್ಚೆ ಬಹಳ ನಡೆದಿದೆ. ವಹಿಗಳು ಹೇಗೆ ಉಳಿದವೆಂಬುದನ್ನು ಭಕ್ತರು ತಮ್ಮ ಭಾವಕ್ಕೆ ತಕ್ಕಂತೆಯೂ ವಿಚಾರವಾದಿಗಳು ತಮ್ಮ ಬುದ್ಧಿಗೆ ತಕ್ಕಂತೆಯೂ ಹೇಳಿಕೊಳ್ಳಲಿ. ಜನರ ಕಂಠದಲ್ಲಿ ಆ ವೇಳೆಗಾಗಲೇ ನೆಲೆಸಿದ್ದ ಪದಗಳನ್ನು ಯಾವ ನದಿಯೂ ಮುಳುಗಿಸಲಾರದಾಗಿತ್ತೆಂದು ಹೇಳುವವರೂ ಇದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಚರಿತ್ರೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಮುಳುಗಿಸಹೇಳಿದ ರಾಮೇಶ್ವರ ಭಟ್ಟರೇ ಮುಂದೆ ತುಕಾರಾಮರ ಅನುಯಾಯಿಯಾದರು. ಅವರು ರಚಿಸಿದ ತುಕಾರಾಮರ ಆರತಿಯನ್ನು ವಾರಕರಿಗಳು ಇಂದಿಗೂ ಹಾಡುತ್ತಾರೆ. ಕಾಗದವು ನೀರಿನಲ್ಲಿ ನೆನೆಯದೆ ಉಳಿಯುವುದಕ್ಕಿಂತ, ಪಾಂಡಿತ್ಯದ ಅಭಿಮಾನವು ಕರಗುವುದು ದೊಡ್ಡ ಪವಾಡವಲ್ಲವೆ? ಸೋತವರ ಮೇಲೆ ಜಯಭೇರಿ ಹೊಡೆಯುವ ಸ್ವಭಾವವು ತುಕಾರಾಮರಲ್ಲಿ ಇದ್ದಿದ್ದರೆ ಈ ಪರಿವರ್ತನೆಯು ಸಾಧ್ಯವಾಗುತ್ತಿರಲಿಲ್ಲ.

ತುಕಾರಾಮರನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಅಗ್ರಗಣ್ಯಳು ಒಬ್ಬ ತರುಣ ಗೃಹಿಣಿ. ಆಕೆ ಬಹಿಣಾಬಾಯಿ (೧೬೨೮–೧೭೦೦). ವೇರೂಳದ ಸಮೀಪದ ದೇವಗಾವದ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತನಗಿಂತ ಬಹಳ ಹಿರಿಯನಾದ ವಿಧುರನೊಬ್ಬನಿಗೆ ಪತ್ನಿಯಾದವಳು. ಕುಟುಂಬವು ಊರೂರು ಅಲೆದು ಕೊಲ್ಲಾಪುರದಲ್ಲಿದ್ದಾಗ ಕೀರ್ತನೆಯಲ್ಲಿ ತುಕಾರಾಮರ ಅಭಂಗಗಳನ್ನು ಕೇಳಿ, ಕನಸಿನಲ್ಲಿ ಅವರಿಂದ ಉಪದೇಶ ಪಡೆದುದಾಗಿ ಹೇಳಿಕೊಂಡಿದ್ದಾಳೆ. ಶೂದ್ರನನ್ನು ಗುರುವೆಂದಳೆಂಬ ಕೋಪದಿಂದ ಪತಿಯು ಆಕೆಯನ್ನು ಹೊಡೆದು ಬಡಿದು ಕಟ್ಟಿಹಾಕಿದನು. ಮುಂದೆ ಆತನ ಮನಸ್ಸೇ ಬದಲಾಗಿ ಎಲ್ಲರೂ ದೇಹುವಿಗೆ ಬಂದರು. ಅಲ್ಲಿ ತಾನು ಕಂಡ ತುಕಾರಾಮರ ಕೀರ್ತನೆಯನ್ನೂ, ಮಂಬಾಜಿ ಎಂಬಾತನಿಂದ ತನ್ನ ಕುಟುಂಬಕ್ಕೆ ಒದಗಿದ ಕಿರುಕುಳವನ್ನೂ ಆಕೆ ತನ್ನ ಆತ್ಮನಿವೇದನೆಯ ಅಭಂಗಗಳಲ್ಲಿ ದಾಖಲಿಸಿದ್ದಾಳೆ. ಭಾರತೀಯ ಸ್ತ್ರೀಯೊಬ್ಬಳು ತನ್ನ ಬಾಳನ್ನು ತಾನೇ ಬರೆದ ಅತಿ ಹಳೆಯ ಕೃತಿಗಳಲ್ಲಿ ಇದೂ ಒಂದು. ಇದೇ ಮಂಬಾಜಿಯು ಮುಳ್ಳಿನ ಕೊಂಬೆಯಿಂದ ತುಕಾರಾಮರನ್ನು ಹೊಡೆದನೆಂದೂ, ಅಂದಿನ ರಾತ್ರಿ ಕೀರ್ತನೆಗೆ ಅವನು ಬಾರದುದನ್ನು ಕಂಡು ತುಕಾರಾಮರೇ ಅವನ ಮನೆಗೆ ಹೋಗಿ, ಹೊಡೆದು ದಣಿದ ಅವನ ಕೈಗಳನ್ನು ಒತ್ತಿದರೆಂದೂ ಮಹಿಪತಿಯ ಕಥನದಲ್ಲಿದೆ.

ಇಂತಹ ಕಥೆಗಳಿಂದ ತುಕಾರಾಮರು ಎಲ್ಲರಿಗೂ ತಲೆಬಾಗುವ ಮೆತ್ತಗಿನ ಮನುಷ್ಯರೆಂದು ತಿಳಿಯಬಾರದು. ಕಾವಿ, ಜಟೆ, ಭಸ್ಮ, ಮಾಲೆಗಳನ್ನು ತೊಟ್ಟು ಹೊಟ್ಟೆ ಹೊರೆಯುವವರ ಮೇಲೆ, ಕನ್ಯಾವಿಕ್ರಯ ಮಾಡುವವರ ಮೇಲೆ, ಕೀರ್ತನೆಯನ್ನು ಹಣಕ್ಕೆ ಮಾರುವವರ ಮೇಲೆ ಅವರ ನುಡಿ ಚಾಟಿಯಂತೆ ಬೀಳುತ್ತದೆ. ನೊಂದವರನ್ನು ತನ್ನವರೆಂದು ತಿಳಿಯುವವನೇ ಸಾಧುವೆಂದೂ ಅವನಲ್ಲಿಯೇ ದೇವರಿರುವನೆಂದೂ ಅವರು ಸಾರಿದರು. ತಾವು ಕುಣಬಿಯಾಗಿ ಹುಟ್ಟಿದುದು ಒಳ್ಳೆಯದಾಯಿತೆಂದು, ಇಲ್ಲದಿದ್ದರೆ ದಂಭವು ತಮ್ಮನ್ನು ಕೊಲ್ಲುತ್ತಿತ್ತೆಂಬ ಭಾವವನ್ನೂ ಅವರು ವ್ಯಕ್ತಪಡಿಸಿದ್ದಾರೆ. ಈ ಮಾತಿನಲ್ಲಿ ವಿನಯವೂ ಇದೆ, ವ್ಯಂಗ್ಯವೂ ಇದೆ. ತನ್ನನ್ನು ತಾನು ದೇವರ ಮುಂದೆ ತೃಣವೆಂದು ಬಗೆದವನು ಮನುಷ್ಯರ ಮುಂದೆ ಭಯಪಡಬೇಕಾದ ಕಾರಣವಿಲ್ಲ. ಅವರ ನಮ್ರತೆಯೂ ನಿರ್ಭಯತೆಯೂ ಒಂದೇ ಬೇರಿನಿಂದ ಹುಟ್ಟಿದವು.

೧೬೩೦ರಲ್ಲಿ ಜನಿಸಿದ ಶಿವಾಜಿ ಮಹಾರಾಜರು ತರುಣರಾಗಿದ್ದಾಗ ತುಕಾರಾಮರಿಗೆ ದೀವಟಿಗೆ, ಛತ್ರ, ಕುದುರೆಗಳನ್ನು ಕಳುಹಿಸಿದರೆಂದೂ, ಅವರು ಅವನ್ನು ಹಿಂದಿರುಗಿಸಿದರೆಂದೂ ಪರಂಪರೆಯು ಹೇಳುತ್ತದೆ. ಅಂತಹ ಮರ್ಯಾದೆಗಳು ತಮಗೆ ಹಿತವಲ್ಲವೆಂಬ ಅರ್ಥದ ಅಭಂಗವು ಗಾಥೆಯಲ್ಲಿ ಇದೆ. ಪೀಠಗಳಲ್ಲಿ ಕುಳಿತು, ಛತ್ರ ಚಾಮರಗಳ ನೆರಳಿನಲ್ಲಿ ಸಂಚರಿಸುವ ನಮ್ಮಂತಹವರು ಈ ಪ್ರಸಂಗವನ್ನು ಮೇಲಿಂದ ಮೇಲೆ ಮನನ ಮಾಡಬೇಕು. ಮರ್ಯಾದೆಯು ಪೀಠಕ್ಕೆ ಸಲ್ಲತಕ್ಕದ್ದೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆ ಸಮಾಧಾನವು ನಿಜವೋ ಅಲ್ಲವೋ ಎಂಬುದಕ್ಕೆ ತಮ್ಮ ಮನಸ್ಸೇ ಸಾಕ್ಷಿ ಎಂಬ ತುಕಾರಾಮರ ನಿಯಮವೊಂದೇ ಪರೀಕ್ಷೆ.

ಅವರು ೧೬೫೦ರ ಫಾಲ್ಗುಣ ಬಹುಳ ಬಿದಿಗೆಯಂದು ಲೋಕದ ಕಣ್ಣಿಗೆ ಮರೆಯಾದರು. ಸದೇಹರಾಗಿ ವೈಕುಂಠಕ್ಕೆ ತೆರಳಿದರೆಂಬುದು ಭಕ್ತರ ಶ್ರದ್ಧೆ. ವಿರೋಧಿಗಳು ಅವರನ್ನು ಇಲ್ಲವಾಗಿಸಿರಬಹುದೆಂದು ಶಂಕಿಸಿದ ಆಧುನಿಕ ಲೇಖಕರೂ ಉಂಟು. ಆ ತಿಥಿಯನ್ನು ದೇಹುವಿನಲ್ಲಿ ‘ತುಕಾರಾಮ ಬೀಜ’ ಎಂದು ಆಚರಿಸುತ್ತಾರೆ. ಅವರ ಮಾತುಗಳನ್ನು ಉಳಿಸಿದವರಲ್ಲಿ ಗಾಣಿಗ ಕುಲದ ಸಂತಾಜಿ ಜಗನಾಡೆ ಮತ್ತು ಗಂಗಾರಾಮ ಮಾವಳ ಮುಖ್ಯರು. ಅವರ ಮಗ ನಾರಾಯಣ ಮಹಾರಾಜರು ೧೬೮೫ರಲ್ಲಿ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವ ಪದ್ಧತಿಯನ್ನು ಆರಂಭಿಸಿದರು. ಆಷಾಢದ ವಾರಿಯಲ್ಲಿ ಲಕ್ಷಾಂತರ ಜನರು ಆ ಪಾದುಕೆಗಳೊಡನೆ ನಡೆಯುತ್ತಾರೆ. ೧೮೬೯ ಮತ್ತು ೧೮೭೩ರಲ್ಲಿ ಮುಂಬಯಿ ಸರಕಾರದ ನೆರವಿನಿಂದ ವಿಷ್ಣು ಪರಶುರಾಮಶಾಸ್ತ್ರಿ ಪಂಡಿತ, ಶಂಕರ ಪಾಂಡುರಂಗ ಪಂಡಿತ ಇವರು ಗಾಥೆಯನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನಾಲ್ಕೂವರೆ ಸಾವಿರದಷ್ಟು ಅಭಂಗಗಳು ಓದುಗರ ಕೈಸೇರಿದವು. ೧೮೬೭ರಲ್ಲಿ ಸ್ಥಾಪಿತವಾದ ಪ್ರಾರ್ಥನಾ ಸಮಾಜದವರು ಅವನ್ನು ತಮ್ಮ ಉಪಾಸನೆಯಲ್ಲಿ ಬಳಸಿದರು. ೧೯೩೦ರಲ್ಲಿ ಯರವಡಾ ಸೆರೆಮನೆಯಲ್ಲಿ ಮಹಾತ್ಮಾ ಗಾಂಧಿಯವರು ಕೆಲವನ್ನು ಆಂಗ್ಲಭಾಷೆಗೆ ಪರಿವರ್ತಿಸಿದರು.

ಕನ್ನಡಿಗರಾದ ನಮಗೆ ಈ ಸಂತರು ಪರಕೀಯರಲ್ಲ. ಅವರ ಆರಾಧ್ಯದೈವವಾದ ಪಂಢರಪುರದ ವಿಠ್ಠಲನ ಗುಡಿಯಲ್ಲಿ ಹೊಯ್ಸಳ ಸೋಮೇಶ್ವರನ ಕಾಲದ, ೧೨೩೭ರ, ಸಂಸ್ಕೃತ-ಕನ್ನಡ ಶಾಸನವಿದೆ. ವಿಠ್ಠಲನು ಕನ್ನಡಿಗನೆಂಬ ಮಾತು ಮರಾಠಿ ಸಂತರ ಪರಂಪರೆಯಲ್ಲಿಯೇ ಇದೆ. ಜಮಖಂಡಿಯಲ್ಲಿ ೧೮೮೬ರಲ್ಲಿ ಜನಿಸಿ, ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ಆಶ್ರಮ ಕಟ್ಟಿ, ೧೯೫೭ರಲ್ಲಿ ನಿರ್ಯಾಣ ಹೊಂದಿದ ಗುರುದೇವ ರಾನಡೆಯವರು ೧೯೩೩ರಲ್ಲಿ ಪ್ರಕಟಿಸಿದ ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತ ಗ್ರಂಥದಲ್ಲಿ ತುಕಾರಾಮರ ಅಂತರಂಗದ ಕತ್ತಲೆ ಬೆಳಕುಗಳನ್ನು ಅಪೂರ್ವವಾಗಿ ವಿವೇಚಿಸಿದ್ದಾರೆ. ಅದೇ ಲೇಖನಿಯು ಕನ್ನಡ ಅನುಭಾವ ಸಾಹಿತ್ಯವನ್ನೂ ಲೋಕಕ್ಕೆ ಪರಿಚಯಿಸಿತು.

ತುಕಾರಾಮರು ಮಠವನ್ನು ಕಟ್ಟಲಿಲ್ಲ, ಶಾಸ್ತ್ರಗ್ರಂಥವನ್ನು ರಚಿಸಲಿಲ್ಲ, ರಾಜಾಶ್ರಯವನ್ನು ಬಯಸಲಿಲ್ಲ. ಕ್ಷಾಮವು ಕಸಿದುಕೊಳ್ಳದೆ ಬಿಟ್ಟಿದ್ದ ಸಾಲಪತ್ರಗಳನ್ನು ತಾವೇ ನದಿಗೆ ಒಪ್ಪಿಸಿದರು. ಕವಿತೆಯ ವಹಿಗಳನ್ನು ಪರರ ಆಜ್ಞೆಯಿಂದ ಅದೇ ನದಿಗೆ ಒಪ್ಪಿಸಬೇಕಾಯಿತು. ಸಾಲಪತ್ರಗಳನ್ನು ಮರಳಿ ಬೇಡಲಿಲ್ಲ. ಕವಿತೆಗಾಗಿ ಅನ್ನನೀರು ಬಿಟ್ಟು ಕುಳಿತರು. ಬಿಡತಕ್ಕದ್ದು ಯಾವುದು, ಬಿಡಲಾಗದ್ದು ಯಾವುದು ಎಂಬ ವಿವೇಕವು ಅವರಿಗೆ ಇಷ್ಟು ಸ್ಪಷ್ಟವಾಗಿತ್ತು. ಆ ವಿವೇಕದ ಒಂದಂಶವಾದರೂ ನಮ್ಮೆಲ್ಲರಿಗೆ ಲಭಿಸಲಿ.